ಬಿಸ್ಮತ್‌ನ ಭಾರ ಮರೆತವನು

"ನಿಮ್ಮ ಹರಳಲ್ಲಿ ವಿಶೇಷ ಏನೂ ಇಲ್ಲ. ಪರದೆ ಮೇಲೆ ಕಾಣ್ತಿರೋದು ಬರೀ ಕೊಳೆ!"

ಪರಿಚಯವಿಲ್ಲ, ನಮಸ್ಕಾರವಿಲ್ಲ... ಕಂಪ್ಯೂಟರ್ ಲೆಕ್ಕಕ್ಕೆಂದು ಹೊಸದಾಗಿ ಸೇರಿದ್ದ ಅವನು ಇಡೀ ಪ್ರಯೋಗಾಲಯದ ಎದುರು ಅವಳಿಗೆ ಆಡಿದ ಮೊದಲ ಮಾತೇ ಇದು!

ಅವಳ ಕಿವಿ ಕೆಂಪೇರಿತು. ಕುಲುಮೆಯ ಮುಂದೆ ಬೆವರು ಸುರಿಸಿ ಬೆಳೆಸಿದ, ಬಿಸ್ಮತ್ ಎಂಬ ಲೋಹದ ಸಂಯುಕ್ತದ ಹರಳು ಅದು. ಒಳಗೆ ವಿದ್ಯುತ್ ಹರಿಯದು, ಮೇಲ್ಮೈಯಲ್ಲಿ ಮಾತ್ರ ಸರಾಗ ಹರಿಯುತ್ತದೆ ಎಂಬುದು ಅವಳ ವಾದ. ಬೆಳಕು ಬೀರಿ, ಎಲೆಕ್ಟ್ರಾನುಗಳನ್ನು ಹೊರಗೆಳೆದು ಅಳೆದಾಗ, ಮೇಲ್ಮೈ ಎಲೆಕ್ಟ್ರಾನುಗಳ ಎರಡು ಗೆರೆಗಳು ಪರದೆಯ ಮೇಲೆ ಕತ್ತರಿಯಂತೆ ಒಂದನ್ನೊಂದು ದಾಟಿದ್ದವು; ಅದೇ ಅವಳ ಸಾಕ್ಷಿ. ಈ ಮಹಾಶಯನ ಕಂಪ್ಯೂಟರ್ ಲೆಕ್ಕದಲ್ಲಿ ಆ ಗೆರೆಗಳೇ ಇರಲಿಲ್ಲವಂತೆ.

ಅವಳ ಸಂಶೋಧನೆಯ ಗೈಡ್ ಗಡ್ಡ ಕೆರೆದುಕೊಂಡರು. ಗಾಳಿ ಬಂದಾಗ ತೂರಿಕೊಂಡೇ ದೊಡ್ಡವರಾದ ಮನುಷ್ಯ.

"ಮುಂದಿನ ಸಭೆವರೆಗೆ ನೋಡೋಣಮ್ಮ. ಲೆಕ್ಕ ಒಪ್ಪದಿದ್ರೆ ಈ ಹರಳು ಬಿಟ್ಟುಬಿಡು."

ಅಂದರೆ ಅವಳ ಪಿಎಚ್‌ಡಿಗೆ ಎಳ್ಳುನೀರು!

ಸಂಜೆ ಅಕ್ಕನಿಗೆ ಫೋನು ಹೋಯಿತು.

"ಲೆಕ್ಕದ ದೊರೆ ಕಣೇ ಅವ್ನು! ಕಾಲು ನೆಲದ ಮೇಲೇ ಇಲ್ಲ!"

"ಬೈಯೋ ನೆಪದಲ್ಲಿ ಒಂದು ಗಂಟೆಯಿಂದ ಅವನದ್ದೇ ಜಪ. ಕಣ್ಣು ಹೇಗಿವೆ?"

"ಸುಮಾರಾಗಿವೆ... ಫೋನಿಡು!"

ಆಮೇಲೆ ಅವನು ಎರಡು ಸಲ ಕುಲುಮೆ ಕೋಣೆಯ ಬಾಗಿಲವರೆಗೆ ಬಂದ. ಬಾಯಿ ತೆರೆದ, ಮುಚ್ಚಿದ, ಹೋದ. 'ಗಾಯಕ್ಕೆ ಉಪ್ಪು ಸವರೋಕೆ ಬರ್ತಾನೆ, ನೀಚ!' ಎಂದುಕೊಂಡಳು. ಆದರೂ ಮೂರನೆಯ ಸಲ ಯಾಕೆ ಬರಲಿಲ್ಲ ಎಂದು ಬೇಸರವಾಯಿತು. ತನ್ನ ಮೇಲೇ ಅಸಹ್ಯವಾಯಿತು.

ಸಭೆಯ ದಿನ ಅವನೇ ಮೊದಲು ಎದ್ದ. ಅವಳು ಹಲ್ಲು ಕಚ್ಚಿ ಕುಳಿತಳು.

"ಬಿಸ್ಮತ್ ಭಾರದ ಪರಮಾಣು. ಅದರಲ್ಲಿ ಎಲೆಕ್ಟ್ರಾನಿನ ಸ್ಪಿನ್ನಿಗೂ, ಅಂದ್ರೆ ಬುಗುರಿಯಂಥ ಗುಣಕ್ಕೂ, ಅದರ ಸುತ್ತಾಟಕ್ಕೂ ಗಂಟು ಬಿದ್ದಿರುತ್ತೆ. ನಾನು ಹಗುರ ಪರಮಾಣುಗಳ ಹಳೇ ಫೈಲು ನಕಲು ಮಾಡಿದ್ದೆ. ಆ ಗಂಟನ್ನ ಸೇರಿಸೇ ಇರಲಿಲ್ಲ. ಸೇರಿಸಿದೆ, ಗೆರೆಗಳು ದಾಟಿದ್ವು. ಅವರ ಹರಳು ಸರಿ."

"ಸಣ್ಣ ತಾಂತ್ರಿಕ ದೋಷ ಅನ್ನೋಣ..." ಗೈಡ್ ತೇಪೆ ಹಾಕಿದರು.

"ಅಲ್ಲ ಸರ್, ದೊಡ್ಡ ದಡ್ಡತನ."

ಸಭೆ ಮುಗಿದದ್ದೇ ತಡ, ಅವಳು ಅವನ ಹಿಂದೆ ಓಡಿದಳು. ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದಳು.

"ಮತ್ತೆ ಲೆಕ್ಕ ಹಾಕಿ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ನಿಮ್ಮನ್ನ ಮಾತಾಡಿಸೋಕೆ ನೆಪ ಬೇಕಿತ್ತು. ನಿಮ್ಮದು ತಪ್ಪು ಅಂತ ಇನ್ನೂ ಚೆನ್ನಾಗಿ ವಿವರಿಸೋಣ ಅಂತ ಕೂತೆ..."

ಪ್ರೀತಿ ಹೇಳಿಕೊಳ್ಳುವ ದಾರಿ ನೋಡಿ ಇವನದು! ಅವಳಿಗೆ ನಗು ತಡೆಯಲಾಗಲಿಲ್ಲ.

"ನೀವೂ ಆ ಹರಳಿನ ಥರ, ಮೇಲೆ..." ಅವನು ಧೈರ್ಯ ಮಾಡಿದ.

"ಹೋಲಿಕೆ ಗೀಲಿಕೆ ಶುರುಮಾಡಿದ್ರೆ ಜಾಗ ಖಾಲಿ ಮಾಡಿ!"

ಅವನು ಹೋಲಿಕೆ ಕೈಬಿಟ್ಟ. "ನೀವಂದ್ರೆ ನನಗಿಷ್ಟ."

ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಕ್ಷಮೆ ಕೇಳೋದು ಯಾರಪ್ಪ?"

"ಕ್ಷಮಿಸಿ."

"ಊಹೂಂ. ನಾಳೆ ಬಂದು ಮತ್ತೆ ಕೇಳಿ. ನಾಡಿದ್ದೂ ಕೇಳಿ."

"ಎಷ್ಟು ದಿನ?"

"ಅದಕ್ಕೂ ಲೆಕ್ಕ ಹಾಕ್ಬೇಡ ಕಣೋ, ದಡ್ಡ," ಎಂದಳು. "ಸುಮ್ನೆ ಬರ್ತಾ ಇರು."