ಸುಳಿಯಜ್ಜಿಯ ಬೀಸುಕಲ್ಲು

ಬಹಳ ಹಿಂದೆ, ನಿಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ನೊರೆಪಟ್ಟಣ ಅಂತ ಒಂದು ರಾಜ್ಯವಿತ್ತು. ಮೂರು ಕಡೆ ಕಡಲು, ಒಂದು ಕಡೆ ಬರೀ ಮರಳು. ಆ ಕಡಲನ್ನು ಕರಿಗಡಲು ಎನ್ನುತ್ತಿದ್ದರು. ಬೇರೆ ಊರುಗಳಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಇದ್ದರೆ ಇಲ್ಲಿ ಇನ್ನೊಂದು ಕಾಲವಿತ್ತು. ಅದು ಗಾಳಿಗಾಲ.

ಕರಿಗಡಲು ಒಂದು ವರ್ಷದಲ್ಲಿ ಎಷ್ಟು ಜನರನ್ನು ನುಂಗುತ್ತಿತ್ತೋ ಮುಂದಿನ ಗಾಳಿಗಾಲದಲ್ಲಿ ಅಷ್ಟೇ ಬಿರುಗಾಳಿಗಳು ಬರುತ್ತಿದ್ದವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮೊದಲು ಮುಳುಗಿದವನ ಗಾಳಿ ಮೊದಲು, ಆಮೇಲೆ ಮುಳುಗಿದವನ ಗಾಳಿ ಆಮೇಲೆ. ಅದಕ್ಕೇ ಜನ ಗಾಳಿಗಳನ್ನು ಸತ್ತವರ ಹೆಸರು ಹಿಡಿದೇ ಕರೆಯುತ್ತಿದ್ದರು.

ಗಾಳಿ ಬರುವ ದಿನ ನಡುಮಧ್ಯಾಹ್ನವೇ ಆಕಾಶ ಅರಿಶಿನ ಕಲಸಿದ ಹಾಗೆ ಆಗುತ್ತಿತ್ತು. ಕಾಗೆಗಳು ಊರು ಬಿಟ್ಟು ಹೋಗುತ್ತಿದ್ದವು. ಆಮೇಲೆ ನೋಡಿ, ಹಂಚು ಹಾರಿ, ತೆಂಗು ಮುರಿದು, ದೋಣಿಗಳು ಮನೆಯ ಮಾಡಿನ ಮೇಲೆ ಬಂದು ಕೂರುತ್ತಿದ್ದವು. ಅಷ್ಟರಲ್ಲಿ ತಟ್ಟನೆ ಎಲ್ಲ ನಿಂತುಬಿಡುತ್ತಿತ್ತು. ಒಂದು ಎಲೆ ಅಲುಗುತ್ತಿರಲಿಲ್ಲ. ತಲೆಯ ಮೇಲೆ ದುಂಡಗೆ ನೀಲಿ ಆಕಾಶ, ಸುತ್ತಲೂ ತಿರುಗುವ ಮೋಡದ ಗೋಡೆ. ಆ ಮೌನದೊಳಗೆ, ಸತ್ತವನು ಕಡಲಿನಿಂದ ಎದ್ದು, ನಡೆದುಕೊಂಡು ತನ್ನ ಮನೆಗೆ ಬರುತ್ತಿದ್ದ.

ಬಾಗಿಲ ಮುಂದೆ ನಿಂತು ಅವನು ಹೇಳುತ್ತಿದ್ದದ್ದು ಒಂದೇ ಮಾತು. "ಬಂದೆ. ಬಾಗಿಲು ತೆಗಿ."

ತೆಗೆದವರ ಕತೆ ಮುಗಿಯಿತು. ಅವನು ತಿರುಗಿ ಹೊರಟ ಕೂಡಲೇ ಗಾಳಿಯ ಉಳಿದರ್ಧ ನುಗ್ಗಿ, ಬಾಗಿಲು ತೆಗೆದವರನ್ನು ಕಡಲಿಗೆ ಎಳೆದೊಯ್ಯುತ್ತಿತ್ತು. ಮುಂದಿನ ವರ್ಷ ಅವರೂ ಗಾಳಿಯಾಗಿ ಬರುತ್ತಿದ್ದರು.

ರಾಜ ಏನು ಮಾಡಿದ ಅಂತ ಕೇಳ್ತೀರಾ? ಡಂಗುರ ಹೊಡೆಸಿದ. ಗಾಳಿ ನಿಂತ ಹೊತ್ತಿನಲ್ಲಿ ಎಲ್ಲರೂ ಅಗುಳಿ ಹಾಕಿಕೊಂಡು, ಕಂಚಿನ ತಟ್ಟೆ ಬಡಿಯಬೇಕು, ಕರೆದದ್ದು ಯಾರ ಕಿವಿಗೂ ಬೀಳಬಾರದು ಅಂತ ಸಾರಿಸಿದ. ಅದಕ್ಕಿಂತ ಹೆಚ್ಚು ಅವನಿಗೂ ತೋಚಲಿಲ್ಲ, ಪಾಪ. ಅವನ ಅರಮನೆಯ ಕಿಟಕಿಗಳೇ ವರ್ಷಾ ವರ್ಷಾ ಹಾರಿಹೋಗುತ್ತಿದ್ದವು.

ಆ ವರ್ಷ ಮೂರು ಗಾಳಿ ಬರಬೇಕಿತ್ತು. ಮೊದಲನೆಯದು ಅಂಬಿಗ ದೇಸಣ್ಣ, ಎರಡನೆಯದು ಬಳೆಗಾರ ಕೊಟ್ಟಪ್ಪ, ಕೊನೆಯದು ಬಲೆ ಬೀಸಲು ಹೋಗಿ ಮರಳದ ಮಾಚ ಅನ್ನುವ ಹುಡುಗ. ಮಾಚನಿಗೆ ತಾಯಿ ಸಣ್ಣವ್ವ, ತಂಗಿ ಚೆನ್ನಾಜಿ. ಚೆನ್ನಾಜಿ ಬಲೆ ಹೊಲಿಯುವವಳು. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ.

ಮಗ ಹೋದ ಮೇಲೆ ಸಣ್ಣವ್ವ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗಾಳಿಗಾಲ ಹತ್ತಿರ ಬಂದ ಹಾಗೆ ಮನೆ ಸಾರಿಸಿದಳು, ಮಗನ ಪಂಚೆ ಒಗೆದು ಮಡಚಿಟ್ಟಳು. ಒಂದು ಬೆಳಗ್ಗೆ ಬಾಗಿಲಿನ ಅಗುಳಿಯನ್ನೇ ಕಿತ್ತು ಬಾವಿಗೆ ಹಾಕಿಬಿಟ್ಟಳು.

"ಅಮ್ಮಾ, ಏನಮ್ಮ ಇದು? ತಲೆ ಕೆಟ್ಟಿದೆಯಾ ನಿಂಗೆ?" ಎಂದಳು ಚೆನ್ನಾಜಿ.

"ನನ್ನ ಮಗ ಬರ್ತಾನೆ. ಬಾಗಿಲು ಹಾಕಿಕೊಂಡು ತಟ್ಟೆ ಬಡೀಲಾ ನಾನು?"

"ಅವನ ಜೊತೆ ನೀನೂ ಹೋಗ್ತೀಯಮ್ಮ!"

"ಹೋಗ್ತೀನಿ ಬಿಡು" ಎಂದಳು ಸಣ್ಣವ್ವ, ಸಂತೆಗೆ ಹೋಗುವವಳ ಹಾಗೆ.

ಅಣ್ಣನನ್ನು ಕಳೆದುಕೊಂಡದ್ದಾಯಿತು, ಇನ್ನು ಅಮ್ಮನನ್ನೂ ಕಳೆದುಕೊಂಡರೆ ತನಗೆ ಯಾರಿದ್ದಾರೆ? ಹೇಗಾದರೂ ಸರಿ, ಮಾಚನ ಗಾಳಿ ಬರುವ ಮೊದಲು ಇದಕ್ಕೊಂದು ದಾರಿ ಹುಡುಕಲೇಬೇಕು ಅಂತ ಚೆನ್ನಾಜಿ ತೀರ್ಮಾನಿಸಿದಳು.

ಮೊದಲ ಗಾಳಿ ಬಂತು. ದೇಸಣ್ಣ ತನ್ನ ಮನೆಯ ಮುಂದೆ ನಿಂತು ಕರೆದ. ಊರೆಲ್ಲ ತಟ್ಟೆ ಬಡಿಯಿತು. ಆದರೂ ಅವನ ಹೆಂಡತಿಗೆ ಕೇಳಿಸಿತು, ಬಾಗಿಲು ತೆಗೆದಳು. ಗಾಳಿ ಹೋದ ಮೇಲೆ ಆ ಜಾಗದಲ್ಲಿ ಉಳಿದಿದ್ದದ್ದು ಒಲೆಯ ಮೂರು ಕಲ್ಲು ಮಾತ್ರ.

ಎರಡನೆಯ ಗಾಳಿ ಬಂತು. ಬಳೆಗಾರ ಕೊಟ್ಟಪ್ಪ ಒಂಟಿ ಮನುಷ್ಯ. ಬೀಗ ಹಾಕಿದ ಮನೆಯ ಮುಂದೆ ನಿಂತು "ಬಂದೆ, ಬಾಗಿಲು ತೆಗಿ" ಎಂದ. ತೆಗೆಯಲು ಒಳಗೆ ಯಾರಿದ್ದರು? ಸುಮ್ಮನೆ ಹೊಸ್ತಿಲನ್ನು ನೋಡುತ್ತಾ ನಿಂತ. ಆಮೇಲೆ ತಿರುಗಿ ಕಡಲ ಕಡೆ ನಡೆದ. ಅವನ ಹೆಜ್ಜೆ ಬಿದ್ದ ಕಡೆಯೆಲ್ಲ ಉಪ್ಪುನೀರು ತುಂಬಿಕೊಳ್ಳುತ್ತಿತ್ತು.

ಆಗ ಚೆನ್ನಾಜಿ ಮನೆಯಿಂದ ಹೊರಗೆ ಬಂದು ಅವನ ಬೆನ್ನು ಹತ್ತಿದಳು.

ಅವನು ಎಲ್ಲಿ ನಡೆದನೋ ಆ ಮೌನವೂ ಅವನ ಜೊತೆ ನಡೆಯಿತು. ಹಿಂದೆ ಊರಿನ ಮೇಲೆ ಗಾಳಿ ಬಿದ್ದ ಸದ್ದು ಕೇಳಿಸಿತು, ಇವರಿದ್ದ ಕಡೆ ಮಾತ್ರ ಒಂದು ಕೂದಲೂ ಅಲುಗಲಿಲ್ಲ. ಕಡಲು ಸೆಗಣಿ ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗಿತ್ತು. ಚೆನ್ನಾಜಿ ಅದರ ಮೇಲೆ ಕಾಲಿಟ್ಟು ನಡೆದಳು.

"ಕೊಟ್ಟಪ್ಪಣ್ಣ, ಎಲ್ಲಿಗೆ ಹೋಗ್ತಿದೀಯ?" ಎಂದಳು. ಅವನು ಮುಖ ತಿರುಗಿಸಿದ. ಅಯ್ಯೋ ಶಿವನೇ! ಮೂಗು ಅರ್ಧ ಸವೆದಿತ್ತು. ಇನ್ನಷ್ಟು ದೂರ ಹೋದ ಮೇಲೆ ಕಿವಿ ಇರಲಿಲ್ಲ. ಆಮೇಲೆ ಬೆರಳುಗಳಿರಲಿಲ್ಲ. ನಡೆಯುತ್ತ ನಡೆಯುತ್ತ ಅವನು ಬೆಳ್ಳಗೆ ಪುಡಿಯಾಗಿ ಉದುರುತ್ತಿದ್ದ. ಕೊನೆಗೆ ಚೆನ್ನಾಜಿಯ ಮುಂದೆ ಯಾರೂ ಇರಲಿಲ್ಲ.

ಆದರೆ ಗರ ಗರ ಅನ್ನುವ ಸದ್ದೊಂದು ಕೇಳಿಸುತ್ತಿತ್ತು. ಕರಿಗಡಲಿನ ನಟ್ಟನಡುವೆ ಒಬ್ಬ ಮುದುಕಿ ಕಾಲು ಚಾಚಿ ಕೂತು ಬೀಸುತ್ತಿದ್ದಳು. ಬೀಸುಕಲ್ಲು ಒಂದು ಕೆರೆಯಷ್ಟು ಅಗಲ. ಕಲ್ಲು ತಿರುಗಿದ ಹಾಗೆ ಅದರ ಅಂಚಿನಿಂದ ಗಾಳಿ ಹೊರಡುತ್ತಿತ್ತು, ಕಲ್ಲಿನ ಬಾಯಲ್ಲಿ ಮಾತ್ರ ಮೌನ. ಅವಳೇ ಸುಳಿಯಜ್ಜಿ.

"ಬಾ ಮಗಳೇ" ಎಂದಳು ಮುದುಕಿ. "ಎಷ್ಟು ದೂರ ನಡೆದು ಬಂದೆ. ಹಸಿದಿರ್ತೀಯ, ತಗೋ, ರೊಟ್ಟಿ ತಿನ್ನು."

ರೊಟ್ಟಿ ಬಿಸಿಬಿಸಿ ಇತ್ತು. ಚೆನ್ನಾಜಿ ಮುರಿದಳು. ಮುರಿದ ಕಡೆಯಿಂದ ಯಾರೋ ಕೆಮ್ಮಿದರು. ಅದು ದೇಸಣ್ಣನ ಕೆಮ್ಮು, ಅವನು ದೋಣಿಗೆ ಹುಟ್ಟು ಹಾಕುವಾಗ ಕೆಮ್ಮುತ್ತಿದ್ದ ಹಾಗೇ. ಅವಳು ರೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹೊಟ್ಟೆ ತುಂಬಿದೆ ಅಜ್ಜಿ. ಈಗಷ್ಟೇ ಉಂಡು ಬಂದೆ."

"ಹಾಗಾದ್ರೆ ಒಂದು ಸುತ್ತು ಕಲ್ಲಾದ್ರೂ ತಿರುಗಿಸು ತಾಯಿ, ನನ್ನ ರಟ್ಟೆ ಬಿದ್ದುಹೋಗ್ತಿದೆ."

ವಯಸ್ಸಾದವರು ಕೇಳಿದರೆ ಇಲ್ಲ ಅನ್ನುವುದು ಹೇಗೆ? ಚೆನ್ನಾಜಿ ಕೈ ಚಾಚಿಯೇಬಿಟ್ಟಿದ್ದಳು. ಆಗ ಕಣ್ಣಿಗೆ ಬಿತ್ತು: ಮುದುಕಿಯ ಅಂಗೈಗೂ ಕಲ್ಲಿನ ಗೂಟಕ್ಕೂ ನಡುವೆ ಸಂದೇ ಇರಲಿಲ್ಲ. ಮಾಂಸ ಮರದೊಳಗೆ ಇಳಿದು ಬೇರು ಬಿಟ್ಟಿತ್ತು.

"ಬೇಡಪ್ಪ. ಬೇರೆಯವರ ಮನೆ ಕಲ್ಲಿಗೆ ಕೈ ಹಾಕಬೇಡ ಅಂತ ನಮ್ಮಮ್ಮ ಹೇಳಿದಾಳೆ. ನಾಳೆ ಹಿಟ್ಟು ಕಡಿಮೆ ಬಂದ್ರೆ ನನ್ನ ತಲೆ ಮೇಲೆ ಬರುತ್ತೆ."

ಮುದುಕಿ ಕೊಕ್ಕೊಕ್ಕೊ ಎಂದು ನಕ್ಕಳು. "ಜಾಣೆ ಕಣೇ ನೀನು. ಸರಿ, ಬಂದದ್ದು ಯಾಕೆ ಹೇಳು."

"ನಮ್ಮಣ್ಣ ಬೇಕು."

"ಓ, ಅಲ್ಲಿದಾನೆ ನೋಡು. ಎತ್ತಿಕೊಂಡು ಹೋಗು, ನಾನೇನು ಬೇಡ ಅಂದ್ನಾ?"

ಪಕ್ಕದ ಬುಟ್ಟಿಯ ತಳದಲ್ಲಿ ಒಂದೇ ಒಂದು ಕಾಳು ಉಳಿದಿತ್ತು, ಜೋಳದ ಕಾಳಿನಷ್ಟು. ಚೆನ್ನಾಜಿ ಬಗ್ಗಿ ಕಿವಿಕೊಟ್ಟಳು. ಒಳಗೆ ಮಾಚನ ದನಿ ಇತ್ತು. "ಅಮ್ಮಾ, ಹೋಗಿ ಬರ್ತೀನಿ. ಹೋಗಿ ಬರ್ತೀನಿ." ಬೆರಳಲ್ಲಿ ಎತ್ತಲು ಹೋದಳು. ಅಲುಗಲಿಲ್ಲ. ಎರಡೂ ಕೈ ಹಾಕಿದಳು, ಉಸಿರು ಕಟ್ಟಿ ಎಳೆದಳು, ಉಗುರು ಕಿತ್ತು ರಕ್ತ ಬಂತು. ಕಾಳು ಇದ್ದಲ್ಲೇ ಇತ್ತು. ಚೆನ್ನಾಜಿ ಅಲ್ಲೇ ಕುಸಿದು ಅತ್ತಳು.

"ಅದು ನಿನ್ನದಲ್ಲ, ಹೇಗೆ ಬರುತ್ತೆ?" ಎಂದಳು ಸುಳಿಯಜ್ಜಿ, ಬೀಸುತ್ತಲೇ. "ನಿಮ್ಮ ಊರಲ್ಲಿ ಹೊರಡುವಾಗ ಯಾರೂ ಬರೀ 'ಹೋಗ್ತೀನಿ' ಅನ್ನಲ್ಲ. 'ಹೋಗಿ ಬರ್ತೀನಿ' ಅಂತೀರಿ. ಮನೆಯಲ್ಲಿ ಯಾರೂ ಇಲ್ಲದಿದ್ರೂ ಆ ಬಳೆಗಾರ ಹೊಸ್ತಿಲಿಗೆ ಹೇಳಿ ಹೊರಡ್ತಿದ್ದ. ಕಡಲಲ್ಲಿ ಮುಳುಗಿದ್ರೂ ಆ ಮಾತು ಮುಳುಗಲ್ಲ, ತೇಲಿಕೊಂಡು ನನ್ನ ಹತ್ತಿರ ಬರುತ್ತೆ. ಅದನ್ನು ನಾನು ಬೀಸ್ತೀನಿ. ಆ ಹಿಟ್ಟಿನ ರೊಟ್ಟಿ ತಿಂದೇ ಮುನ್ನೂರು ವರ್ಷದಿಂದ ಸಾಯದೆ ಕೂತಿದೀನಿ. ಯಾರಿಗೆ ಮಾತು ಕೊಟ್ಟನೋ ಅವರು ಅದನ್ನ ವಾಪಸ್ ಕೊಟ್ರೆ ಮಾತ್ರ ಕಾಳು ಕಲ್ಲಿನಿಂದ ಈಚೆ ಬರುತ್ತೆ."

"ವಾಪಸ್ ಕೊಟ್ರೆ ನಿನಗೇನಾಗುತ್ತೆ?"

"ವರ್ಷದ ಕೊನೇ ಕಾಳು ನುಣ್ಣಗಾದ ಮೇಲಷ್ಟೇ ಗೂಟ ನನ್ನ ಕೈ ಬಿಡೋದು. ಕಾಳೇ ಇಲ್ಲದಿದ್ರೆ ಕಲ್ಲು ಕಲ್ಲನ್ನೇ ತಿನ್ನುತ್ತೆ, ನನ್ನನ್ನೂ ತಿನ್ನುತ್ತೆ." ಮುದುಕಿ ಮತ್ತೆ ನಕ್ಕಳು. "ಹೇಳೋದಕ್ಕೆ ನನಗೇನು ಹೆದರಿಕೆ? ಬಾಗಿಲಿಗೆ ಬಂದ ಮಗನನ್ನ 'ಬರಬೇಡ' ಅನ್ನೋ ತಾಯಿಯನ್ನ ನಾನಿನ್ನೂ ನೋಡಿಲ್ಲ."

ಹಾಗೆಂದು ಆ ಕಾಳನ್ನು ಎಡಗೈಯಿಂದ ಎತ್ತಿ ಕಲ್ಲಿನ ಬಾಯಿಗೆ ಹಾಕಿದಳು.

ಗರ ಗರ ಎಂದು ಸುತ್ತಲೂ ಮೋಡದ ಗೋಡೆ ಎದ್ದಿತು. ಅದರ ಎರಚಲಿಗೆ ಚೆನ್ನಾಜಿ ತಲೆಯಿಂದ ಕಾಲಿನವರೆಗೆ ನೆನೆದಳು. ಚೆನ್ನಾಜಿಯ ಎದುರಿಗೆ ಮಾಚ ನಿಂತಿದ್ದ. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ತೆರೆದಿತ್ತು, ಆದರೆ ನೋಡುತ್ತಿರಲಿಲ್ಲ.

"ಅಣ್ಣಾ" ಎಂದಳು. ಅವನು ಅವಳನ್ನು ದಾಟಿಕೊಂಡು ಊರಿನ ಕಡೆ ನಡೆದ. ಚೆನ್ನಾಜಿ ಪಕ್ಕಪಕ್ಕದಲ್ಲೇ ನಡೆದಳು. ದಾರಿಯುದ್ದಕ್ಕೂ ಮಾತಾಡಿಸಿದಳು, ಬೈದಳು, ಕೈ ಹಿಡಿದು ಜಗ್ಗಿದಳು. ಕೈ ತಣ್ಣಗೆ ಒರಟಾಗಿ, ನುಚ್ಚಿನ ಹಾಗೆ ಇತ್ತು. ಅವನು ನಡೆಯುತ್ತಲೇ ಇದ್ದ.

ಊರು ಬಂತು. ಗಾಳಿಯ ಮುಂದಿನರ್ಧ ಆಗಲೇ ಮಾಡುಗಳನ್ನು ಹಾರಿಸಿತ್ತು. ಎಲ್ಲ ಮನೆಯೊಳಗಿನಿಂದ ತಟ್ಟೆಯ ಸದ್ದು ಬರುತ್ತಿತ್ತು. ಒಂದು ಮನೆ ಮಾತ್ರ ಬಾಗಿಲು ಹಾರುಹೊಡೆದುಕೊಂಡಿತ್ತು. ಸಣ್ಣವ್ವ ಒಳಗೆ ಎಲೆ ಹಾಕಿ, ಕೆಂಪಕ್ಕಿ ಅನ್ನ ಬಡಿಸಿ, ಒಣಮೀನು ಸುಟ್ಟು, ಕಾಯುತ್ತ ನಿಂತಿದ್ದಳು.

"ಬಂದೆ" ಎಂದ ಮಾಚ.

"ಬಂದ್ಯಾ ಮಗಾ..." ಸಣ್ಣವ್ವ ಎರಡೂ ಕೈ ಚಾಚಿದಳು.

ಚೆನ್ನಾಜಿ ನುಗ್ಗಿ ಹೊಸ್ತಿಲಿಗೆ ಅಡ್ಡ ನಿಂತಳು. "ಅಮ್ಮಾ, ಮುಟ್ಟಬೇಡ! ಇವನನ್ನ ಒಬ್ಬಳು ಕಲ್ಲಿಗೆ ಹಾಕಿ ಬೀಸ್ತಿದಾಳೆ. 'ಹೋಗಿ ಬರ್ತೀನಿ' ಅಂತ ನಿನಗೆ ಮಾತು ಕೊಟ್ಟಿದ್ದಾನಲ್ಲ, ಆ ಮಾತಿಗೇ ಸಿಕ್ಕಿಕೊಂಡಿದಾನೆ. ಬರಬೇಡ ಅನ್ನು. ನೀನು ಅಂದ್ರೆ ಮಾತ್ರ ಬಿಡುಗಡೆ."

ಸಣ್ಣವ್ವ ಮಗಳ ಕೆನ್ನೆಗೆ ಫಟಾರನೆ ಕೊಟ್ಟಳು. "ಬಾಗಿಲಿಗೆ ಬಂದ ಮಗನನ್ನ ಹೋಗು ಅನ್ನಲಾ? ಯಾವ ಜನ್ಮದ ವೈರಿಯೇ ನೀನು? ಸರಿ ಆ ಕಡೆ!"

ಚೆನ್ನಾಜಿ ಸರಿಯಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು. "ಆಯ್ತಮ್ಮ, ಒಳಗೆ ಕರಿ. ಗಾಳಿ ನಿನ್ನನ್ನ ಒಯ್ಯುತ್ತೆ. ಮುಂದಿನ ವರ್ಷ ನೀನು ಹೀಗೇ ನೆನೆದುಕೊಂಡು ಬಂದು ಈ ಬಾಗಿಲಲ್ಲಿ ನಿಲ್ತೀಯ. ನಾನು ನಿನ್ನ ಮಗಳು, ನಾನೂ ತೆಗೀತೀನಿ. ನನಗೆ ತಟ್ಟೆ ಬಡಿಯೋಕೆ ಬರಲ್ಲ."

ಸಣ್ಣವ್ವನ ಕೈ ಹಾಗೇ ನಿಂತಿತು. ಮಗಳ ಮುಖ ನೋಡಿದಳು, ಕೆಂಪಾದ ಕೆನ್ನೆ ನೋಡಿದಳು, ರಕ್ತ ಒಣಗಿದ ಬೆರಳುಗಳನ್ನು ನೋಡಿದಳು. ಆಮೇಲೆ ಮಗನನ್ನು ನೋಡಿದಳು. ಅವನ ಕಿವಿಯ ಅಂಚು ಸವೆದು ಬೆಳ್ಳಗೆ ಪುಡಿ ಉದುರುತ್ತಿತ್ತು. ಹೆತ್ತವಳ ಕಣ್ಣಿಗೆ ಅದು ಈವರೆಗೆ ಕಂಡೇ ಇರಲಿಲ್ಲ.

"ನೋಯ್ತಿದೆಯೇನೋ ಮಗಾ?" ಎಂದಳು.

ಅವನು "ಬಂದೆ" ಎಂದಷ್ಟೇ ಹೇಳಿದ.

ಸಣ್ಣವ್ವ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಮಾಚಾ. ನೀನು ನನಗೆ ಕೊಟ್ಟ ಮಾತನ್ನ ನಾನು ವಾಪಸ್ ಕೊಟ್ಟಿದೀನಪ್ಪ. ನೀನು ಬರಬೇಕಾಗಿಲ್ಲ. ಇನ್ನು ಯಾವತ್ತೂ ಬರಬೇಕಾಗಿಲ್ಲ."

ಉದುರುವುದು ನಿಂತಿತು. ಮಾಚ ನಿದ್ದೆಯಿಂದ ಎದ್ದವನ ಹಾಗೆ ಕಣ್ಣು ಮಿಟುಕಿಸಿದ. ಮೊದಲು ತಂಗಿ ಕಂಡಳು. "ಚೆನ್ನೀ, ಯಾಕೆ ಹೀಗೆ ನೆನೆದಿದೀಯೇ? ತಲೆ ಒರೆಸಿಕೋ" ಎಂದ. ಆಮೇಲೆ ತಾಯಿಯನ್ನು ಕಣ್ತುಂಬ ನೋಡಿದ. ಆ ರಾಜ್ಯದಲ್ಲಿ ಭಿಕ್ಷುಕನೂ ಆಡದ ಮಾತನ್ನು ಅವನು ಆಡಿದ.

"ಅಮ್ಮಾ, ಹೋಗ್ತೀನಿ."

"ಹೋಗಪ್ಪ" ಎಂದಳು ಸಣ್ಣವ್ವ.

ಅವನು ಕಡಲಿಗೆ ಇಳಿದ. ತಿರುಗಿ ನೋಡಲಿಲ್ಲ. ಊರಿನವರು ಗಾಳಿಯ ಉಳಿದರ್ಧಕ್ಕಾಗಿ ಉಸಿರು ಬಿಗಿಹಿಡಿದು ಕಾದರು, ಅದು ಬರಲೇ ಇಲ್ಲ. ದೂರದಲ್ಲಿ ಕಲ್ಲಿಗೆ ಕಲ್ಲು ಉಜ್ಜುವ ಸದ್ದು ಹಲ್ಲು ಜುಂ ಎನ್ನುವ ಹಾಗೆ ಕೇಳಿಸಿತು. ಒಬ್ಬ ಮುದುಕಿ ಕಿರುಚಿದಳು. ಆಮೇಲೆ ಫಳಾರೆಂದು ಏನೋ ಎರಡು ಹೋಳಾಯಿತು. ಅಷ್ಟೇ. ಗೂಟ ಬಿಡದ ಕೈಯೊಡನೆ ಸುಳಿಯಜ್ಜಿ ಕರಿಗಡಲಿನ ತಳ ಸೇರಿದಳು. ಮುನ್ನೂರು ವರ್ಷದ ಹಿಟ್ಟೆಲ್ಲ ಮೇಲೆದ್ದು, ಸಣ್ಣ ಮಳೆಯಾಗಿ ಊರಿನ ಮೇಲೆ ಬಿತ್ತು. ಪ್ರತಿ ಅಂಗಳದಲ್ಲೂ ಯಾರೋ ಉಸಿರು ಬಿಟ್ಟ ಹಾಗೆ ಕೇಳಿಸಿತಂತೆ.

ಅಂದಿನಿಂದ ಕರಿಗಡಲಿನಲ್ಲಿ ಗಾಳಿಗಾಲ ಬರಲಿಲ್ಲ. ಎಲ್ಲ ಕಡಲುಗಳ ಹಾಗೆ ಅದೂ ಆಗೊಮ್ಮೆ ಈಗೊಮ್ಮೆ ಒಬ್ಬರನ್ನು ನುಂಗುತ್ತಿತ್ತು, ಆದರೆ ಹೋದವರು ಯಾರೂ ಬಾಗಿಲಿಗೆ ಬಂದು ಕರೆಯಲಿಲ್ಲ. ರಾಜ ಹೊಸ ಕಿಟಕಿ ಹಾಕಿಸಿ, ಎಲ್ಲ ತನ್ನಿಂದಲೇ ಆಯಿತು ಅಂತ ಹೇಳಿಕೊಂಡ. ಹೇಳಿಕೊಳ್ಳಲಿ ಬಿಡಿ.

ಸಣ್ಣವ್ವ ಹೊಸ್ತಿಲಲ್ಲಿ ಕೂತಳು, ಮಗ ಹೋದ ಮೇಲೆ ಮೊದಲ ಸಲ ಎದೆ ಬಿರಿಯುವ ಹಾಗೆ ಅತ್ತಳು. ಅಕ್ಕಪಕ್ಕದವರು ತಟ್ಟೆ ಕೆಳಗಿಟ್ಟು ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ಕೂತರು. ಚೆನ್ನಾಜಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ತಾಯಿ ಅಳುತ್ತಲೇ ಸೆರಗಿನಿಂದ ಅವಳ ಒದ್ದೆ ತಲೆ ಒರೆಸಿದಳು. ಹಾಗೆ ನೊರೆಪಟ್ಟಣದವರೆಲ್ಲ ಅಂದಿನಿಂದಲೇ ಸುಖವಾಗಿ ಬಾಳಿದರು. ಸಣ್ಣವ್ವನೂ ಬಾಳಿದಳು, ಸ್ವಲ್ಪ ತಡವಾಗಿ.