ಅರ್ಧ ಗೊಟ್ಟ

ಅಕ್ಕಯಮ್ಮ ನನ್ನನ್ನು ಮೊದಲು ಕಂಡಾಗ ನಾನು ಅವಳ ಕುರಿಯ ಹಿಂದೆ ಪ್ಲಾಸ್ಟಿಕ್ ಕವರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೆ. ಪ್ರೇಮ ಹುಟ್ಟುವ ಭಂಗಿಯೇನಲ್ಲ ಅದು.

"ಹಿಕ್ಕೆ ಕದಿಯೋಕೆ ಪ್ಯಾಂಟು ಹಾಕ್ಕೊಂಡು ಬಂದೋರ್ನ ಇವತ್ತೇ ನೋಡಿದ್ದು," ಅಂದಳು.

"ಕದಿಯೋಕಲ್ಲ, ರಿಸರ್ಚು. ಇದ್ರಲ್ಲಿ ಜಂತುಹುಳದ ಮೊಟ್ಟೆ ಇರುತ್ತೆ. ಎಣಿಸ್ತೀನಿ."

"ಅದಕ್ಕೂ ಸಂಬಳ ಕೊಡ್ತಾರಾ ಸಾರ್?" ತುಟಿ ಕಚ್ಚಿ ನಗು ತಡೆದಳು. ಆಗದೆ ನಕ್ಕುಬಿಟ್ಟಳು. ನನ್ನ ಕಥೆ ಅಲ್ಲಿಗೇ ಮುಗಿಯಿತು.

ಅದು ತೊಂಬತ್ತೊಂದನೇ ಇಸವಿ. ವಿದುರಾಶ್ವತ್ಥದಿಂದ ಎರಡು ಮೈಲಿ ಆಚೆಗಿನ ಆ ಹಳ್ಳಿಯಲ್ಲಿ ಗೊಟ್ಟ ಹಿಡಿಯುತ್ತಿದ್ದವಳು ಅವಳೇ. ಬಿದಿರಿನ ಆ ಕೊಳವೆಗೆ ಔಷಧಿ ತುಂಬಿ ಕುರಿಯ ಬಾಯಿಗೆ ಹುಯ್ದರೆ ಒಂದು ಹನಿ ಹೊರಗೆ ಚೆಲ್ಲುತ್ತಿರಲಿಲ್ಲ. ಅಕ್ಕಯಮ್ಮನ ಕೈಗುಣ ಅಂತ ಊರೆಲ್ಲ ಹೇಳುತ್ತಿತ್ತು.

"ಈ ಔಷಧಿ ಹುಳಾನ ಹೆಂಗೆ ಕೊಲ್ಲುತ್ತೆ ಸಾರ್?"

"ಹುಳದ ನರಕ್ಕೆ ಬೀಗದಂಥದ್ದು ಒಂದಿರುತ್ತೆ, ರಿಸೆಪ್ಟರ್ ಅಂತೀವಿ. ಔಷಧಿ ಅದ್ರಲ್ಲಿ ಹೋಗಿ ಕೂತ್ರೆ ಹುಳ ಸೆಟೆದುಕೊಂಡು ಹಿಡಿತ ಬಿಡುತ್ತೆ."

"ಹುಳ ಬೀಗಾನೇ ಬದಲಾಯಿಸ್ಕೊಂಡ್ರೆ?"

ಅವಳು ಓದಿದ್ದು ಎಸ್ಸೆಸ್ಸೆಲ್ಸಿ. ಆ ಪ್ರಶ್ನೆಗೆ ಬರಲು ನನಗೆ ಎರಡು ಡಿಗ್ರಿ ಬೇಕಾಗಿತ್ತು. ಕೇಳಿ ಹುಬ್ಬು ಏರಿಸಿದಳು, ನಾನು ಉತ್ತರ ಮರೆತು ಹುಬ್ಬನ್ನೇ ನೋಡಿದೆ.

ಆ ಸಲ ನಾನು ತಂದ ಔಷಧಿ ಊರಿನ ಅರ್ಧ ಕುರಿಗೆ ಮಾತ್ರ ಸಾಲುತ್ತಿತ್ತು.

"ಒಂದು ಮನೆಗೆ ಕೊಟ್ಟು ಇನ್ನೊಂದು ಮನೆ ಬಿಡೋದು ನಮ್ಮಲ್ಲಿಲ್ಲ. ಮರಿ ಕುಯ್ದ್ರೂ ಗುಡ್ಡೆ ಹಾಕಿ ಸಮವಾಗಿ ಹಂಚ್ತೀವಿ," ಅಂದಳು. "ಎಲ್ಲಕ್ಕೂ ಅರ್ಧರ್ಧ ಗೊಟ್ಟ ಕುಡಿಸ್ತೀನಿ. ಆಗುತ್ತಲ್ವಾ?"

ಆಗುವುದಿಲ್ಲ. ಅರ್ಧ ಡೋಸಿಗೆ ಬಡಪಾಯಿ ಹುಳ ಸಾಯುತ್ತದೆ, ಗಟ್ಟಿ ಹುಳ ಉಳಿದು ಮೊಟ್ಟೆ ಇಡುತ್ತದೆ. ನಾಲ್ಕಾರು ತಲೆಮಾರು ಕಳೆದರೆ ಉಳಿಯುವುದೆಲ್ಲ ಗಟ್ಟಿಯವೇ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದೆ. ಅವಳು ತಲೆ ಓರೆ ಮಾಡಿ ಕಾಯುತ್ತಿದ್ದಳು. ರೆಪ್ಪೆಯ ಮೇಲೆ ಹುಲ್ಲಿನ ಪುಡಿ ಕೂತಿತ್ತು.

"ಆಗುತ್ತೆ," ಅಂದೆ. ಮೂರು ವರ್ಷ, ಪ್ರತಿ ಸಲವೂ ಅದನ್ನೇ ಅಂದೆ.

ತೊಂಬತ್ನಾಲ್ಕರ ಮಳೆಗಾಲದಲ್ಲಿ ಕುರಿಗಳು ಬೀಳತೊಡಗಿದವು. ದವಡೆಯ ಕೆಳಗೆ ನೀರು ತುಂಬಿ ಜೋತುಬಿದ್ದಿತ್ತು, ಕಣ್ಣೊಳಗೆ ರಕ್ತದ ಕೆಂಪೇ ಇರಲಿಲ್ಲ. ಅವಳು ಗೊಟ್ಟ ಹಿಡಿದು, ಕುರಿ ಕೂಡುವ ಒಂದು ರೊಪ್ಪದಿಂದ ಇನ್ನೊಂದು ರೊಪ್ಪಕ್ಕೆ ಓಡಾಡಿದಳು. ಈಗ ತುಂಬಿದ ಗೊಟ್ಟ ಕುಡಿಸಿದರೂ ಔಷಧಿ ಹಿಡಿಯಲಿಲ್ಲ. ಕುಡಿಸುವ ಮೊದಲು ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಇದ್ದವೋ ಹತ್ತು ದಿನದ ಮೇಲೂ ಅಷ್ಟೇ ಇದ್ದವು.

ಪಕ್ಕದ ಮನೆಯ ಮುನಿಗಂಗಮ್ಮ ತನ್ನ ಕುರಿಗಳಿಗೆ ಅಡ್ಡ ನಿಂತಳು. "ಬೇಡಮ್ಮಾ, ಮುಟ್ಬೇಡ. ನಿನ್ನ ಕೈಗುಣ ಕೆಟ್ಟೋಯ್ತು."

ಅಕ್ಕಯಮ್ಮ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಅದನ್ನು ನೋಡಿ ನನಗೆ ಅಳು ಬಂತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ನನಗೆ ಉಳಿಯುತ್ತಿದ್ದಳೇನೋ. ಆದರೆ ಆ ಕೈ ಜೀವಮಾನವಿಡೀ ಸೆರಗಿನೊಳಗೇ ಇರಬೇಕಾಗುತ್ತಿತ್ತು.

"ಅವರ ಕೈದೇನೂ ತಪ್ಪಿಲ್ಲಮ್ಮ," ಅಂದೆ, ರೊಪ್ಪದ ಹತ್ತಿರ ಸೇರಿದ್ದವರೆಲ್ಲ ಕೇಳುವಂತೆ. "ಅರ್ಧ ಸಾಕು ಅಂದೋನು ನಾನು. ಅದ್ರಿಂದಾನೇ ಹುಳ ಔಷಧಿಗೆ ಬಗ್ಗದಂಗಾಯ್ತು. ಓದಿದೋನು ನಾನು, ತಪ್ಪು ನಂದು."

ಅವಳ ಅಪ್ಪ ಬಯ್ಯಪ್ಪ ಸತ್ತ ಮರಿಯನ್ನು ಎತ್ತಿಕೊಂಡು ಹೋದರು.

ಬಸ್ಸಿಗೆ ಕಾಯುತ್ತಿದ್ದಾಗ ಅವಳು ರಸ್ತೆಯವರೆಗೆ ಬಂದಳು.

"ಮೊದಲನೇ ದಿನಾನೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಆಗುತ್ತೆ ಅಂದ್ರಿ?"

"ಇಲ್ಲ ಅಂದ್ರೆ ನಿಮ್ಮ ಮುಖ ಸಪ್ಪಗಾಗ್ತಿತ್ತು. ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ, ಅಕ್ಕಯಮ್ಮ."



"ನಂಗೂ ಅಷ್ಟೇ. ಅದಕ್ಕೇ ಹೊಟ್ಟೆ ಉರಿಯೋದು. ಬೇರೆ ಯಾರೋ ಹೇಳಿದ್ರೆ ಇನ್ನು ನಾಲ್ಕು ಜನಾನ ಕೇಳ್ತಿದ್ದೆ. ನೀವು ಹೇಳಿದ್ರಿ ಅಂತ ಯಾರನ್ನೂ ಕೇಳ್ಲಿಲ್ಲ."

ಗೌರಿಬಿದನೂರಿನ ಬಸ್ಸು ತಿರುವಿನಲ್ಲಿ ಕಾಣಿಸಿತು.

"ಮತ್ತೆ ಬರ್ಲಾ ಅಂತ ಕೇಳ್ಬೇಡಿ ಸಾರ್. ಕೇಳಿದ್ರೆ ಬನ್ನಿ ಅಂದ್ಬಿಡ್ತೀನಿ. ಆಮೇಲೆ ಆ ಖಾಲಿ ರೊಪ್ಪಗಳ ಮುಂದೆ ನಿಮ್ಮ ಜೊತೆ ನಗೋಕೆ ನನ್ನ ಕೈಲಾಗಲ್ಲ."

ಹೇಳಿದವಳು ಕಣ್ಣು ಕೆಳಗಿಳಿಸಲಿಲ್ಲ. ನಾನು ಕೇಳಲಿ ಎಂದು ಕಾಯುತ್ತಿದ್ದಳು, ನನಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು ಬಂದು ನಿಂತಿತು. ನಾನು ಕೇಳದೆ ಹತ್ತಿದೆ.