ಮೂರು ನಿಮಿಷದ ಡ್ಯಾಮು

"ಗುದ್ದಲೇ ಖುಷ್ಬು! ಗುದ್ದು!"

ಸುತ್ತ ನಿಂತ ಮೂವತ್ತನಾಲ್ಕು ಮಕ್ಕಳು ಒಟ್ಟಿಗೆ ಕೂಗುತ್ತಿದ್ದರು. ಖುಷ್ಬು ಗುದ್ದಲಿಲ್ಲ. ಕಣ್ಣಿಗೆ ವಿಆರ್ ಆಟದ ದಪ್ಪನೆಯ ಕರಿ ಡಬ್ಬಿ ಕಟ್ಟಿಕೊಂಡು, ಎರಡೂ ಕೈ ಮುಂದೆ ಚಾಚಿ, ಕರೆಂಟು ಹೋದಾಗ ಬೆಂಕಿಪೊಟ್ಟಣ ಹುಡುಕುವವರ ಹಾಗೆ ಗಾಳಿಯಲ್ಲಿ ತಡಕಾಡುತ್ತಿದ್ದಳು.

"ಏನ್ ಹುಡುಕಾಕತ್ತಾಳಲೇ ಇಕಿ?" ಎಂದ ಸಿದ್ದೇಶ. "ಚಪ್ಪಲಿ ಕಳಕೊಂಡಾಳೇನ?"

ಖುಷ್ಬು ನಿಂತಿದ್ದು ಡ್ಯಾಮಿನ ಪಕ್ಕದ ಊರು ಮುನಿರಾಬಾದಿನ ಸರಕಾರಿ ಶಾಲೆಯ ಪಡಸಾಲೆಯಲ್ಲಿ. ಆದರೆ ಡಬ್ಬಿಯ ಒಳಗೆ ಅವಳು ಆಕಾಶದಲ್ಲಿದ್ದಳು. ಬೆನ್ನಿಗೆ ಕೆಂಪು ನಿಲುವಂಗಿ, ಕೈಗೆ ಬಂಗಾರದ ಗ್ಲೌಸು. ಅವಳೀಗ ಆರನೇ ತರಗತಿಯ ಖುಷ್ಬು ಅಲ್ಲ, ಸೂಪರ್ ಹೀರೋ ವಜ್ರಾ. ಕೆಳಗೆ ದೊಡ್ಡ ಡ್ಯಾಮು. ಅದರ ನಡುವಿನ ಗೇಟಿಗೆ ಕಬ್ಬಿಣದ ರಾಕ್ಷಸ ಪ್ರಾಣಿಯೊಂದು ಕಚ್ಚಿಕೊಂಡಿತ್ತು. ಅದಕ್ಕೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮಕ್ಕಳು ಮೊದಲ ಅರ್ಧ ಗಂಟೆಯಲ್ಲೇ ಅದನ್ನು ಕಿತ್ತುಹಾಕಿ 'ಓತಿಕ್ಯಾತ' ಎಂದು ಹೆಸರಿಟ್ಟಿದ್ದರು.

ಆಟ ಸರಳವಾಗಿತ್ತು. ಓತಿಕ್ಯಾತನನ್ನು ಹೊಡೆದು ಕೆಡವಬೇಕು. ಆಮೇಲೆ ಸಿಕ್ಕಿಬಿದ್ದ ಗೇಟಿಗೆ ಒಂದು ಗುದ್ದು ಕೊಟ್ಟು ತೆರೆಯಬೇಕು. ನೀರು ಹರಿದು ಹೋದರೆ ಡ್ಯಾಮು ಉಳಿಯುತ್ತದೆ. ಇದೆಲ್ಲಕ್ಕೂ ಮೂರೇ ನಿಮಿಷ. ತಡವಾದರೆ ಡ್ಯಾಮು ಢಮಾರ್.

ಓತಿಕ್ಯಾತ ಆಗಲೇ ಬಿದ್ದಾಗಿತ್ತು. ಉಳಿದಿದ್ದು ಒಂದು ಗುದ್ದು. ಆಕಾಶದ ಮೂಲೆಯಲ್ಲಿ ಗಡಿಯಾರ ಇಪ್ಪತ್ತು ಸೆಕೆಂಡ್ ತೋರಿಸುತ್ತಿತ್ತು.

"ಸರ್, ಸೈರನ್ ಎಲ್ಲೈತ್ರಿ?" ಎಂದು ಖುಷ್ಬು ಕೂಗಿದಳು.

"ಯಾವ ಸೈರನ್?" ಎಂದರು ಆಟ ಆಡಿಸುತ್ತಿದ್ದ ವಿಜ್ಞಾನದ ಬಸ್ಸಿನ ಸರ್.

"ಗೇಟ್ ಎತ್ತೂಕಿಂತ ಮೊದ್ಲ ಒದರತೈತೆಲ್ರಿ, ಅದು."

"ಇದ್ರಲ್ಲಿ ಅದೆಲ್ಲ ಇಲ್ಲಮ್ಮ. ಸುಮ್ನೆ ಹೊಡಿ."

"ಹಂಗ ಹೆಂಗ್ ಹೊಡೀಲ್ರಿ? ಕೆಳಗ ಮಂದಿ ಇರ್ತಾರ!"

ಢಮಾರ್. ಡಬ್ಬಿಯ ತುಂಬ ಕೆಂಪು ಅಕ್ಷರ. ಹೊರಗೆ ಮೂವತ್ತನಾಲ್ಕು ಗಂಟಲುಗಳಿಂದ ಒಂದೇ ಉದ್ಗಾರ: "ಅಯ್ಯsss!"

ವಿಜ್ಞಾನದ ಬಸ್ಸು ಆವತ್ತು ಬೆಳಿಗ್ಗೆ ಬಂದಿತ್ತು. ಎರಡು ದಿನ ಇರುವುದಿತ್ತು. ಅದರಲ್ಲಿ ದುರ್ಬೀನು ಇತ್ತು, ಪ್ಲಾಸ್ಟಿಕ್ ಅಸ್ಥಿಪಂಜರ ಇತ್ತು, ಹೃದಯದ ಮಾಡೆಲ್ ಇತ್ತು. ಕರಿ ಡಬ್ಬಿ ಹೊರಬಂದ ಮೇಲೆ ಆ ಹೃದಯವನ್ನು ಯಾರೂ ತಿರುಗಿ ನೋಡಲಿಲ್ಲ.

ಐದೈದು ಜನರ ತಂಡ. ಐದೂ ಮಂದಿ ಡ್ಯಾಮು ಉಳಿಸಿದರೆ ಆ ತಂಡಕ್ಕೆ ಶನಿವಾರ ಇದೇ ಬಸ್ಸಿನಲ್ಲಿ ಕೊಪ್ಪಳಕ್ಕೆ ಪಯಣ. ಅಲ್ಲಿ ದೊಡ್ಡ ಪರದೆಯ ಮೇಲೆ ಮುಂದಿನ ಲೆವೆಲ್‌ಗಳು. ಮಧ್ಯಾಹ್ನ ಹೋಟೆಲಿನ ಊಟ. ಗುದ್ದುವುದರಲ್ಲಿ ತಪ್ಪಿದವರಿಗೆ ನಾಳೆ ಇನ್ನೊಂದು ಚಾನ್ಸ್. ಒಂದೇ ಒಂದು.

ಖುಷ್ಬುವಿನ ತಂಡದಲ್ಲಿ ನಾಲ್ವರು ಗೆದ್ದಾಗಿತ್ತು. ಕ್ಯಾಪ್ಟನ್ ಐಶ್ವರ್ಯ ಅಂತೂ ಒಂದು ನಿಮಿಷ ಒಂಬತ್ತು ಸೆಕೆಂಡಿಗೇ ಮುಗಿಸಿದ್ದಳು. ಉಳಿದಿದ್ದವಳು ಖುಷ್ಬು.

"ಇವರಪ್ಪ ಡ್ಯಾಮಿನ್ಯಾಗ ನೀರು ಬಿಡ್ತಾರಂತ ಕೂಗೂ ಕೆಲಸ ಮಾಡ್ತಾನ," ಎಂದು ಸಿದ್ದೇಶ ಎಲ್ಲರಿಗೂ ತಿಳಿಸಿದ. "ಮಗಳಿಗೂ ಅದs ಚಾಳಿ. ಗುದ್ದು ಅಂದ್ರ ಕೂಗಾಕ ಜಾಗ ಹುಡುಕತಾಳ!"

ಎಲ್ಲರೂ ನಕ್ಕರು. ಅದರಲ್ಲೇನಿಲ್ಲ, ಸಿದ್ದೇಶ ಏನಂದರೂ ನಗುವವರು ಇದ್ದೇ ಇದ್ದರು. ಆದರೆ ಐಶ್ವರ್ಯಳೂ ನಕ್ಕಳು. ಅದು ಖುಷ್ಬುವಿಗೆ ನಾಟಿತು.

ಶಾಲೆ ಬಿಟ್ಟಾಗ ಐಶ್ವರ್ಯ ಹತ್ತಿರ ಬಂದು, "ನಾಳಿ ಬರೇ ಗುದ್ದು," ಎಂದಳು. "ಸೈರನ್ ಬ್ಯಾಡ, ಮಂದಿ ಬ್ಯಾಡ, ಏನೂ ಬ್ಯಾಡ. ನಾವು ನಾಲ್ಕು ಮಂದಿ ನಿನ್ನ ಕೈಯಾಗ ಅದೀವಿ, ನೆನಪಿಟ್ಕೊ."

ಸಂಜೆ ಖುಷ್ಬು ಮನೆಯ ಕಪಾಟಿನ ಕನ್ನಡಿಯ ಮುಂದೆ ನಿಂತು ಗಾಳಿಗೆ ಗುದ್ದುವುದನ್ನು ಅಭ್ಯಾಸ ಮಾಡಿದಳು. ಎಡಗೈ, ಬಲಗೈ. ಅಮ್ಮಿ ರೊಟ್ಟಿ ಬಡಿಯುತ್ತಿದ್ದಳು. ಗುದ್ದು, ಬಡಿತ ಎರಡೂ ತಾಳ ತಪ್ಪದೆ ನಡೆದಿದ್ದವು.

ಅಬ್ಬಾ, ಎಂದರೆ ರಫೀಸಾಬ, ಬೈಕಿನ ಹ್ಯಾಂಡಲ್ಲಿಗೆ ಮೈಕಿನ ಹಾರ್ನು ಬಿಗಿಯುತ್ತಿದ್ದವನು ಬಾಗಿಲಲ್ಲಿ ನಿಂತು ನೋಡಿದ.

"ಯಾರಿಗೆ ಹೊಡಿಯಾಕತ್ತೀಯವ್ವ?"

"ಗೇಟಿಗೆ."

ಖುಷ್ಬು ಎಲ್ಲವನ್ನೂ ಹೇಳಿದಳು. ಸಿದ್ದೇಶ ಅಂದ ಮಾತೊಂದನ್ನು ಬಿಟ್ಟು. ಅಬ್ಬಾ ನಗದೆ, ಆಫೀಸಿನ ಕಾಗದ ಓದುವಷ್ಟು ಗಂಭೀರವಾಗಿ ಕೇಳಿದ.

"ಮೂರs ನಿಮಿಷ?"

"ಹೂಂ."

"ಆರ್ಡರ್ ಯಾರ್ ಕೊಡ್ತಾರ?"

"ಯಾರೂ ಕೊಡಲ್ಲ ಅಬ್ಬಾ. ನಾನs ಸೂಪರ್ ಹೀರೋ."

"ಅಂದ್ರ ಮ್ಯಾಲ ಸಾಹೇಬ್ರು ಯಾರೂ ಇಲ್ಲ?" ರಫೀಸಾಬನಿಗೆ ಇಡೀ ಆಟದಲ್ಲಿ ಅತಿ ಅದ್ಭುತವಾಗಿ ಕಂಡಿದ್ದು ಇದೇ. "ಭಾಳ ಛಲೋ ನೌಕರಿ ಐತಿ ಬಿಡು. ಮತ್ತ ಸೈರನ್?"

"ಇಲ್ಲಂತ."

"ಸೈರನ್ ಇಲ್ಲದ ಡ್ಯಾಮ್ ಯಾವ ಪುಣ್ಯಾತ್ಮ ಕಟ್ಟಿದ್ನೋ," ಎಂದು ಅವನು ತಲೆ ಕೊಡವಿದ. "ನಡಿ, ಗಾಡಿ ಹತ್ತು. ನಾಳಿ ಮುಂಜಾನಿ ಇನ್ನಷ್ಟು ಗೇಟ್ ಎತ್ತೋರದಾರ. ಹೊಳಿ ದಂಡಿಗುಂಟ ಹುಲಿಗಿ ಊರಿನ ತನಕ ಹೋಗಿ ಮಂದಿಗೆ ಹೇಳಿ ಬರೂಣು."

ಬೇರೆ ದಿನವಾಗಿದ್ದರೆ ಖುಷ್ಬು ಕುಣಿದು ಹತ್ತುತ್ತಿದ್ದಳು. ಇವತ್ತು ಓಢಣಿಯನ್ನು ಮೂಗಿನ ಮೇಲೆ ಎಳೆದುಕೊಂಡು ಹತ್ತಿದಳು. ಕೂಗುವ ಕೆಲಸದವನ ಮಗಳು ಯಾರೆಂದು ದಾರಿಯಲ್ಲಿ ಯಾರಿಗೂ ಗೊತ್ತಾಗುವುದು ಬೇಡವಾಗಿತ್ತು.

ಹೊಳೆದಂಡೆಯಲ್ಲಿ ಅಬ್ಬಾ ಮೈಕು ಹಚ್ಚಿದ. "ನದಿ ಪಾತ್ರದ ಸಾರ್ವಜನಿಕರಲ್ಲಿ ಈ ಮೂಲಕ ತಿಳಿಯಪಡಿಸುವುದೇನೆಂದರೆ..." ಕಾಗದದಲ್ಲಿದ್ದ ಮಾತುಗಳು. ಮನೆಯಲ್ಲಿ ಅಬ್ಬಾ ಇಂಥ ಒಂದು ಪದವನ್ನೂ ಆಡಿದವನಲ್ಲ. ಸಾರ್ವಜನಿಕರು ಬಟ್ಟೆ ಒಗೆಯುತ್ತಿದ್ದರು, ಎಮ್ಮೆ ತೊಳೆಯುತ್ತಿದ್ದರು, ಸ್ನಾನ ಮಾಡುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ.

ಖುಷ್ಬುವಿನ ಕಿವಿ ಬಿಸಿಯಾಯಿತು. ಇನ್ನು ಹೊರಡಬಹುದು ಅಂದುಕೊಂಡಳು. ಆದರೆ ಅಬ್ಬಾ ಮೈಕು ಆರಿಸಿ, ಪ್ಯಾಂಟು ಮಡಚಿ, ಬಂಡೆಗಳ ಮೇಲೆ ಇಳಿದ. ಅವಳೂ ಇಳಿದಳು.

"ವಿರೂಪಾಕ್ಷಮ್ಮ, ಏಳಬೇ. ನಾಳಿ ಈ ಕಲ್ಲು ನಿಂದಲ್ಲ, ಹೊಳೀದು."

ಬಟ್ಟೆ ಹಿಂಡುತ್ತಿದ್ದ ಮುದುಕಿ ಸೊಂಟಕ್ಕೆ ಕೈಯಿಟ್ಟಳು. "ಬಂದ ನೋಡ್ರಿ ನಮ್ಮಪ್ಪ! ಹೋದ ವಾರನೂ ಹಿಂಗs ಹೇಳಿ ಎಬ್ಬಿಸಿದಿ. ಬಂದ ನೀರಿಗೆ ಪಾದ ತೋಯಲಿಲ್ಲ."

"ತಪ್ಪಾತವ್ವ. ಈ ಸಲ ಕುತ್ತಿಗಿ ತನಕ ಬಾ ಅಂತ ನೀರಿಗೆ ಹೇಳ್ತೀನಿ."

"ಹೇಳ್ತಿ ಹೇಳ್ತಿ, ನಿನ್ನ ಮಾತು ಕೇಳಾಕ ಅದೇನ್ ನಿನ್ನ ಹೇಣ್ತೇನ?" ಎಂದು ಬೈಯುತ್ತಲೇ ಅವಳು ಬಟ್ಟೆಯ ಗಂಟು ಕಟ್ಟಿದಳು. ಬೈದದ್ದು ಬಾಯಿ, ಗಂಟು ಕಟ್ಟಿದ್ದು ಕೈ. ಎರಡಕ್ಕೂ ಸಂಬಂಧವೇ ಇಲ್ಲದಂತಿತ್ತು.

ಆಚೆ ಅಂಬಿಗ ತಿರುಪತಿ ತನ್ನ ಹರಗೋಲನ್ನು ಗೂಟಕ್ಕೆ ಕಟ್ಟುತ್ತಿದ್ದ. "ಅಲ್ಲಲ್ಲೋ, ಇನ್ನೂ ಮ್ಯಾಲ," ಎಂದ ಅಬ್ಬಾ. "ಸಾಕ್ ಬಿಡೋ ಮಾರಾಯಾ," ಎಂದ ತಿರುಪತಿ. "ಸಾಕೋ ಬೇಕೋ ನಾಳಿ ನೀರನ್ನ ಕೇಳು," ಎಂದು ಅಬ್ಬಾ ತಾನೇ ಒಂದು ಕಡೆ ಹಿಡಿದು ಮೇಲೆಳೆದ. ಖುಷ್ಬು ಇನ್ನೊಂದು ಕಡೆ ಹಿಡಿದಳು. ಹರಗೋಲು ನೋಡಲಿಕ್ಕೆ ಬುಟ್ಟಿ, ಎಳೆಯಲಿಕ್ಕೆ ಕೋಣ.

ದಂಡೆ ಖಾಲಿಯಾಯಿತು. ಇನ್ನೇನಿದೆ? ಆದರೂ ಅಬ್ಬಾ ಒಂದೊಂದೇ ದೊಡ್ಡ ಬಂಡೆಯ ಹಿಂದೆ ಹೋಗಿ ಇಣುಕುತ್ತಿದ್ದ. ಮೊದಲನೆಯದರ ಹಿಂದೆ ಯಾರೂ ಇಲ್ಲ. ಎರಡನೆಯದರ ಹಿಂದೆಯೂ ಇಲ್ಲ. ಮೂರನೆಯದರ ಹಿಂದೆ ಒಬ್ಬ ಅಜ್ಜ ಗಾಳ ಹಾಕಿಕೊಂಡು ಕೂತಿದ್ದ, ಕಾಲು ನೀರಿನಲ್ಲಿ ಬಿಟ್ಟು, ಜಗತ್ತಿನಲ್ಲಿ ಇನ್ಯಾವ ಕೆಲಸವೂ ಇಲ್ಲದವನ ಹಾಗೆ.

"ಗವಿಸಿದ್ದಪ್ಪಜ್ಜಾ!"

ಅಜ್ಜ ತಿರುಗಲಿಲ್ಲ. ಅಬ್ಬಾ ಭುಜ ಮುಟ್ಟಿದ ಮೇಲೆ ತಿರುಗಿದ. ಅವನಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಅಬ್ಬಾ ಡ್ಯಾಮಿನ ಕಡೆ ಕೈ ತೋರಿಸಿ, ಎರಡೂ ಅಂಗೈಯನ್ನು ಗೇಟಿನ ಹಾಗೆ ಮೇಲೆತ್ತಿ, ಸೂರ್ಯ ಹುಟ್ಟುವ ದಿಕ್ಕು ತೋರಿಸಿದ. ಅಜ್ಜ ತಲೆಯಾಡಿಸಿದ. ನಾಳೆ ಬರುವುದಿಲ್ಲ ಎಂದು ಕೈಸನ್ನೆ ಮಾಡಿ, ಗಾಳ ಸುತ್ತಿಕೊಂಡ.

ಖುಷ್ಬು ಆ ಬಂಡೆಯನ್ನು ನೋಡಿದಳು. ರಸ್ತೆಯಿಂದ ನೋಡಿದರೆ ಬಂಡೆ ಮಾತ್ರ ಕಾಣುತ್ತಿತ್ತು. ಮೈಕು ಎಷ್ಟು ಒದರಿದರೂ, ಸೈರನ್ ಎಷ್ಟು ಕೂಗಿದರೂ ಅಜ್ಜನಿಗೆ ಒಂದೇ.

ವಾಪಸು ಬರುವಾಗ ಅವಳು ಅಬ್ಬಾನ ಬೆನ್ನಿಗೆ ಬಾಯಿಟ್ಟು ಕೇಳಿದಳು: "ಅಬ್ಬಾ, ಆ ಅಜ್ಜ ಅಲ್ಲಿದ್ದಾನಂತ ನಿನಗ ಹೆಂಗ್ ಗೊತ್ತಿತ್ತು?"

"ಗೊತ್ತಿರ್ಲಿಲ್ಲ," ಎಂದ ಅಬ್ಬಾ. "ಅದಕ್ಕs ನೋಡಾಕ ಹೋದೆ."

ಓಢಣಿ ಗಾಳಿಗೆ ಜಾರಿ ಕೊರಳಿಗೆ ಬಿದ್ದಿತ್ತು. ಖುಷ್ಬು ಅದನ್ನು ಮತ್ತೆ ಮೇಲೆಳೆಯಲಿಲ್ಲ.

ಮರುದಿನ ಐಶ್ವರ್ಯ ತಾನೇ ಡಬ್ಬಿಯ ಪಟ್ಟಿ ಕಟ್ಟಿದಳು. ಜಡೆ ಪಟ್ಟಿಗೆ ಸಿಕ್ಕಿಕೊಂಡು ನೋವಾಯಿತು.

"ಏನ್ ಮಾಡ್ತಿ?" ಎಂದು ಐಶ್ವರ್ಯ ಕಿವಿಯಲ್ಲಿ ಕೇಳಿದಳು.

"ಗುದ್ದತೀನಿ."

"ಮತ್ತ?"

ಅಷ್ಟರಲ್ಲಿ ಆಟ ಶುರುವಾಯಿತು.

ಓತಿಕ್ಯಾತ ಇವತ್ತು ಬೇಗ ಬಿತ್ತು. ಕನ್ನಡಿಯ ಮುಂದಿನ ಅಭ್ಯಾಸ ಸುಳ್ಳಾಗಲಿಲ್ಲ. ಎರಡು ನಿಮಿಷ ಇನ್ನೂ ಬಾಕಿ. ಎದುರಿಗೆ ಗೇಟು. "ಗುದ್ದು!" ಎಂದು ಹೊರಗಿನಿಂದ ಎಲ್ಲರೂ ಅರಚಿದರು.

ಖುಷ್ಬು ಡ್ಯಾಮಿಗೆ ಬೆನ್ನು ತಿರುಗಿಸಿದಳು. ಕೈ ಚಾಚಿ, ಹೊಳೆ ಹಿಡಿದು ಕೆಳಕ್ಕೆ ಹಾರಿದಳು.

"ಆ ಕಡೆ ಅಲ್ಲಲೇ! ಡ್ಯಾಮ್ ಹಿಂದೈತಿ!" ಐಶ್ವರ್ಯಳ ದನಿ ಅಳುವಿಗೆ ಹತ್ತಿರವಾಗಿತ್ತು. "ಹೋತು. ಎಲ್ಲಾ ಹೋತು." ಶೋಭಾರಾಣಿ ಟೀಚರ್ ಕೂಡ ಕುರ್ಚಿಯಿಂದ ಎದ್ದು ನಿಂತರು.

ಕೆಳಗೆ ಹೊಳೆ ನೀಲಿಯಾಗಿತ್ತು. ದಂಡೆಯಲ್ಲಿ ಎರಡು ಮರ. ಸ್ವಲ್ಪ ದೂರ ಹೋದರೆ ಮತ್ತೆ ಅವೇ ಎರಡು ಮರ. ಒಗೆಯುವ ಕಲ್ಲಿಲ್ಲ, ಎಮ್ಮೆಯಿಲ್ಲ, ಹರಗೋಲಿಲ್ಲ. ಒಂದು ದೊಡ್ಡ ಬಂಡೆ ಕಂಡಿತು. ಖುಷ್ಬು ಕೆಳಗಿಳಿದು ಅದರ ಹಿಂದೆ ಇಣುಕಿದಳು.

ಬಂಡೆಗೆ ಹಿಂಬದಿಯೇ ಇರಲಿಲ್ಲ. ಮುಂದಿನಿಂದ ಕಲ್ಲು, ಹಿಂದಿನಿಂದ ಖಾಲಿ ಡಬ್ಬದ ಹಾಗೆ ಟೊಳ್ಳು.

ಹೊಳೆಯ ತಿರುವು ದಾಟಿದಳು. ಅಲ್ಲಿ ಹೊಳೆ ನಿಂತಿತ್ತು. ಹರಿಯುವುದನ್ನು ನಿಲ್ಲಿಸಿದ್ದಲ್ಲ, ಹೊಳೆಯೇ ಮುಗಿದಿತ್ತು. ಅದರಾಚೆ ದಂಡೆಯಿಲ್ಲ, ಊರಿಲ್ಲ, ಆಕಾಶವೂ ಇಲ್ಲ. ಬರೀ ಬೂದು ಬಣ್ಣ. ಸುಣ್ಣ ಬಳಿಯದೆ ಬಿಟ್ಟ ಗೋಡೆಯ ಹಾಗೆ.

ಖುಷ್ಬು ಆ ಬೂದುಬಣ್ಣದ ಮುಂದೆ ಗಾಳಿಯಲ್ಲಿ ನಿಂತಳು. ಆಟ ಕಟ್ಟಿದವರು ಓತಿಕ್ಯಾತನ ಬೆನ್ನಿನ ಮುಳ್ಳುಗಳನ್ನು ಒಂದೂ ಬಿಡದೆ ಮಾಡಿದ್ದರು. ಅವಳ ಗ್ಲೌಸಿನ ಹೊಲಿಗೆಯನ್ನೂ ಮಾಡಿದ್ದರು. ಇಲ್ಲಿ ಒಬ್ಬರನ್ನೂ ಮಾಡಿರಲಿಲ್ಲ. ಬೈಯಲಿಕ್ಕೆ ಒಬ್ಬ ಮುದುಕಿಯನ್ನು ಕೂಡ.

ಅವಳಿಗೆ ಯಾಕೋ ಒಂದು ಗಳಿಗೆ ಭಯವಾಯಿತು. ಓತಿಕ್ಯಾತನನ್ನು ನೋಡಿದಾಗ ಆಗದ ಭಯ.

ಆಮೇಲೆ ತಿರುಗಿ ಹಾರಿದಳು. ಗೇಟು ಮುಟ್ಟುವಾಗ ಗಡಿಯಾರದಲ್ಲಿ ಎಂಟು ಸೆಕೆಂಡ್ ಉಳಿದಿತ್ತು. ಬಲಗೈಯಿಂದ ಒಂದೇ ಗುದ್ದು.

ಗೇಟು ತೆರೆಯಿತು. ನೀರು ಭೋರೆಂದಿತು. ಡೋಲು, ತುತ್ತೂರಿ, ಬಣ್ಣಬಣ್ಣದ ಚೂರುಗಳು. ಪಡಸಾಲೆಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ತರಗತಿಯವರೂ ಓಡಿಬಂದರು. ಐಶ್ವರ್ಯ ಅವಳನ್ನು ತಬ್ಬಿಕೊಂಡು, ಬೆನ್ನಿಗೆ ಎರಡು ಗುದ್ದಿ, ಮತ್ತೆ ತಬ್ಬಿಕೊಂಡಳು. "ಜೀವಾ ಹೋಗಿತ್ತಲೇ ನಂದು! ಕೊಪ್ಪಳಾ ಹೋಗಿ ಬಂತು!"

ಬಸ್ಸಿನ ಸರ್ ಡಬ್ಬಿ ಬಿಚ್ಚುತ್ತ, "ಎಷ್ಟೋ ಊರಲ್ಲಿ ಆಡಿಸಿದೀನಿ, ಆ ಕಡೆ ಯಾರೂ ಹೋಗಿರಲಿಲ್ಲ ಕಣಮ್ಮ," ಎಂದರು. "ಅಲ್ಲಿ ಏನೂ ಮಾಡಿಲ್ಲ."

"ಹೌದ್ರಿ," ಎಂದಳು ಖುಷ್ಬು. "ನೋಡಿದೆ."

ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ಪಡಸಾಲೆಯ ಮೆಟ್ಟಿಲಿಗೆ ಬಂದು ಕೂತಳು. ಸಿದ್ದೇಶನ ಸರದಿ ಇನ್ನೂ ಬಂದಿರಲಿಲ್ಲ. ಅವನು ಯಾರಿಗೂ ಕಾಣದ ಹಾಗೆ ಪಕ್ಕಕ್ಕೆ ಬಂದು, ದನಿ ಇಳಿಸಿ ಕೇಳಿದ:

"ಏ ಖುಷ್ಬು, ಖರೇ ಹೇಳು. ಗೇಟ್ ತೆಗೆಯೂದು ಭಾಳ ತ್ರಾಸ ಐತೇನ?"

ಖುಷ್ಬು ಸಿಕ್ಕಾಗಿದ್ದ ಜಡೆ ಬಿಡಿಸಿಕೊಂಡಳು.

"ಇಲ್ಲ, ಭಾಳ ಹಗುರ ಐತಿ," ಎಂದಳು. "ಕೆಳಗ ಯಾರೂ ಇಲ್ಲ."